ಮುನ್ನೂರ ಹನ್ನೊಂದು ಮಕ್ಕಳ ಮರುಪರೀಕ್ಷೆ

ಪರಮಶಿವಯ್ಯ ಒಂದು ಕಡೆ ಕೂರುವ ಮನುಷ್ಯನಲ್ಲ. ಹೊನ್ನವಳ್ಳಿ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ನೇತ್ರ ಸಹಾಯಕನಾಗಿ ಸೇರಿದ ಎರಡೇ ವರ್ಷದಲ್ಲಿ ಸೈಕಲ್ಲಿನ ಎರಡು ಜೊತೆ ಟಯರು ಸವೆಸಿದ್ದ. ಕ್ಯಾರಿಯರ್‌ನಲ್ಲಿ ಸುರುಳಿ ಸುತ್ತಿದ ಕಣ್ಣಿನ ಪಟ, ದೂರ ಅಳೆಯಲು ಇಪ್ಪತ್ತಡಿಗೆ ಗಂಟು ಹಾಕಿದ ಹಗ್ಗ, ಒಂದು ರಿಜಿಸ್ಟರು ಯಾವಾಗಲೂ ಇರುತ್ತಿದ್ದವು. ತೆಂಗಿನ ತೋಟಗಳ ನಡುವಿನ ಶಾಲೆಗಳಿಗೆ ಹೋಗಿ ಮಕ್ಕಳ ದೃಷ್ಟಿ ಪರೀಕ್ಷಿಸುವುದು ಅವನ ಕೆಲಸ.

ಪಟದಲ್ಲಿ ಅಕ್ಷರಗಳಿರಲಿಲ್ಲ. ಮೂರು ಹಲ್ಲಿನ ಬಾಚಣಿಗೆಯಂಥ ಒಂದೇ ಗುರುತು ಏಳು ಸಾಲುಗಳಲ್ಲಿ ಚಿಕ್ಕದಾಗುತ್ತ ಹೋಗುತ್ತಿತ್ತು. ಮಗು ಒಂದು ಕಣ್ಣು ಮುಚ್ಚಿಕೊಂಡು, ಹಲ್ಲುಗಳು ಯಾವ ಕಡೆ ತಿರುಗಿವೆಯೆಂದು ಮೂರು ಬೆರಳು ಚಾಚಿ ತೋರಿಸಬೇಕು. ಕಣ್ಣು ಮುಚ್ಚಿಕೊಳ್ಳುವುದೇ ತೊಡಕು. ಅಂಗೈಯಲ್ಲಿ ಮುಚ್ಚಿದರೆ ಮಕ್ಕಳು ಬೆರಳ ಸಂದಿಯಲ್ಲಿ ಇಣುಕುತ್ತವೆ. ಬಟ್ಟೆ ಕಟ್ಟಿದರೆ ಒಬ್ಬರ ಕಣ್ಣುಬೇನೆ ಇನ್ನೊಬ್ಬರಿಗೆ ಹತ್ತುತ್ತದೆ. ಅದಕ್ಕೆ ಪರಮಶಿವಯ್ಯ ಸಣ್ಣ ತೆಂಗಿನ ಕರಟವೊಂದರ ಅಂಚನ್ನು ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿಕೊಂಡಿದ್ದ. ಅದು ಕಣ್ಣನ್ನು ಒತ್ತುವುದಿಲ್ಲ, ಕುದಿಸಿ ತೊಳೆಯಬಹುದು.

ಸಾವಿರದ ಒಂಬೈನೂರ ಎಂಬತ್ತನಾಲ್ಕರ ಏಪ್ರಿಲ್ ಒಂದು, ಭಾನುವಾರ. ಕುದಿಸಿದ ಕರಟವನ್ನು ಒಣಗಲೆಂದು ಕಿಟಕಿಯಲ್ಲಿ ಕವುಚಿಡಲು ಹೋದವನು ಹಾಗೇ ನಿಂತುಬಿಟ್ಟ. ಗೋಡೆಯ ಮೇಲೆ ಬಿದ್ದ ಕರಟದ ನೆರಳಿನ ನಡುವೆ ಅವರೆಕಾಳಿನಷ್ಟು ಬೆಳಕು.

ತೆಂಗಿನಕಾಯಿಯ ತೊಟ್ಟಿನ ಕಡೆ ಮೂರು ಕಪ್ಪು ಗುರುತುಗಳಿರುತ್ತವೆ, ಒಂದು ಮೆತ್ತಗಿರುತ್ತದೆ. ಕುದಿದು, ಒಣಗಿ, ಆ ಮೆತ್ತನೆಯ ಬಿಲ್ಲೆ ಯಾವಾಗಲೋ ಉದುರಿತ್ತು. ಮೊದಲು ಬಳಸುತ್ತಿದ್ದ, ಒಡೆದುಹೋದ ಕರಟ ಗುರುತುಗಳಿಲ್ಲದ ಹೋಳು; ಇದು ಗುರುತುಗಳಿರುವ ಹೋಳು. ಹುಟ್ಟಿದಾಗಿನಿಂದ ಕರಟದ ಮೇಲೆ ಮೂರು ಕಪ್ಪು ಚುಕ್ಕೆ ನೋಡಿದವನಿಗೆ, ಇಪ್ಪತ್ತಡಿ ದೂರದಲ್ಲಿ ಪಟದ ಪಕ್ಕ ಕೋಲು ಹಿಡಿದು ನಿಂತಾಗ, ಅವುಗಳಲ್ಲಿ ಒಂದು ತೂತೆಂದು, ಮುಚ್ಚಿದ ಕಣ್ಣೇ ಅದರಲ್ಲಿ ಇಣುಕಿ ಪಟ ನೋಡುತ್ತಿದೆಯೆಂದು ಹೊಳೆದಿರಲಿಲ್ಲ.

"ಏನ್ರೀ, ರೊಟ್ಟಿ ಆರೋಯ್ತು," ಎಂದು ಹೆಂಡತಿ ಸಿದ್ದಗಂಗಮ್ಮ ಕೂಗಿದಳು.

"ಈ ಕರಟ ಯಾವತ್ತು ಕೊಟ್ಟೆ ನಂಗೆ?"

"ಶಿವರಾತ್ರಿ ಆದ್ ಮೂರ್ ದಿನಕ್ಕೆ. ಹಳೇದು ಸೈಕಲ್ ಮೇಲಿಂದ ಬಿದ್ದು ಒಡೀತು ಅಂತ ನೀವೇ ಕೇಳುದ್ರಲ್ಲ. ಯಾಕೆ?"

ಅವನು ರಿಜಿಸ್ಟರು ತೆರೆದ. ಅಂದಿನಿಂದ ನಾಲ್ಕು ಶಾಲೆ, ಮುನ್ನೂರ ಹನ್ನೊಂದು ಮಕ್ಕಳು. ದೋಷ ಸಿಕ್ಕಿದ್ದು ಒಂಬತ್ತರಲ್ಲಿ ಮಾತ್ರ. ಹಿಂದೆ ಇಷ್ಟೇ ಮಕ್ಕಳಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಸಿಕ್ಕಿದ್ದೇ ಇಲ್ಲ. ಸಂಖ್ಯೆಯೇ ಕೂಗಿ ಹೇಳುತ್ತಿತ್ತು, ಅವನು ಕೇಳಿಸಿಕೊಂಡಿರಲಿಲ್ಲ. ಬಿಳಿಗೆರೆ ದಾರಿಯ ಶಾಲೆಯ ಎರಡನೇ ತರಗತಿಯ ಹುಡುಗಿಯೊಬ್ಬಳು ನೆನಪಿಗೆ ಬಂದಳು, ಗಿರಿಜಾಂಬಿಕಾ. ಬಲಗಣ್ಣಿನ ಮೇಲೆ ಕರಟವನ್ನು ಡಬ್ಬಿಯ ಮುಚ್ಚಳದಂತೆ ತಿರುಗಿಸಿ ತಿರುಗಿಸಿ, ಆಮೇಲೆ ಏಳೂ ಸಾಲು ತಪ್ಪಿಲ್ಲದೆ ಹೇಳಿದ್ದಳು. ಇವನು ಬೆನ್ನು ತಟ್ಟಿದ್ದ.

ರೊಟ್ಟಿ ಅರ್ಧಕ್ಕೇ ಉಳಿಯಿತು. ಹತ್ತನೇ ತಾರೀಕಿನಿಂದ ಶಾಲೆಗಳಿಗೆ ಬೇಸಿಗೆ ರಜ.

"ಮುಂದಿನ ವರ್ಷ ಹೇಗೂ ಮಾಡ್ತೀರಲ್ಲ, ಬಿಡ್ರಿ," ಎಂದರು ಆರೋಗ್ಯ ಕೇಂದ್ರದ ಡಾಕ್ಟರು, ಎಲ್ಲರನ್ನೂ ಮತ್ತೆ ನೋಡಬೇಕೆಂಬ ಅವನ ಮಾತು ಕೇಳಿ.

"ಸಾರ್, ಏಳೆಂಟು ವರ್ಷದ ಮಕ್ಕಳಿಗೆ ಮುಂದಿನ ವರ್ಷ ಅಂದ್ರೆ ತಡ."

ಅದು ಅವರಿಗೂ ಗೊತ್ತಿತ್ತು. ಒಂದು ಕಣ್ಣು ಮಸುಕಾಗಿದ್ದರೆ ಮಿದುಳು ಅದನ್ನು ಬಿಟ್ಟು ಇನ್ನೊಂದನ್ನೇ ನಂಬಿಕೊಳ್ಳುತ್ತದೆ. ಎರಡೂ ಕಣ್ಣು ತೆರೆದಿರುವಾಗ ಎಲ್ಲ ಕಾಣುವುದರಿಂದ ಮಗು ದೂರುವುದಿಲ್ಲ. ವಯಸ್ಸು ಏರಿದಷ್ಟೂ ಆ ಸೋಮಾರಿ ಕಣ್ಣನ್ನು ಎಬ್ಬಿಸುವುದು ಕಷ್ಟ. ಡಾಕ್ಟರು ಕೈಬೀಸಿ, "ಹೋಗಿ," ಎಂದರು.

ಸೋಮವಾರ ರಟ್ಟಿನ ಮುಚ್ಚಳ ಹಿಡಿದು ಆ ಶಾಲೆಗೇ ಮೊದಲು ಹೋದ. ಗಿರಿಜಾಂಬಿಕಾಳ ಎಡಗಣ್ಣು ಎರಡು ಸಾಲಿಗೆ ನಿಂತಿತು. ಮೂರನೆಯದಕ್ಕೆ ಕತ್ತು ವಾರೆ ಮಾಡಿದಳು, ಕಣ್ಣು ಕಿರಿದು ಮಾಡಿದಳು, ಕೊನೆಗೆ ರೇಗಿದಳು.

"ಸಾ, ಆ ಕರಟ ಕೊಡಿ. ಅದ್ರಾಗೆ ಚೆನ್ನಾಗ್ ಕಾಣ್ತದೆ."

"ಊ ಸಾ, ಅದೇ ಚೆನ್ನಾಗಿತ್ತು!" ಎಂದವು ಹಿಂದಿನ ಸಾಲಿನ ಮಕ್ಕಳು.

ಅವಳ ತಂದೆ ಕಾಡಸಿದ್ದಪ್ಪ ತೋಟದ ಮನೆಯ ಅಟ್ಟದಿಂದ ಕೊಬ್ಬರಿ ಇಳಿಸುತ್ತಿದ್ದ. ವಿಷಯ ಕೇಳಿ ಏಣಿಯ ಮೇಲೆಯೇ ನಿಂತ.

"ಹೋದ್ ತಿಂಗ್ಳು ನೀವೇ ಬೆನ್ ತಟ್ಟಿ ಫಸ್ಟ್ ಕ್ಲಾಸ್ ಅಂದ್ರಂತೆ. ಒಂದೇ ತಿಂಗ್ಳಲ್ಲಿ ಕಣ್ಣು ಎಲ್ಲೋಯ್ತು ಸ್ವಾಮಿ?"

ಈಚೆಗೆ ದೃಷ್ಟಿ ಇಳಿದಿದೆ ಎಂದುಬಿಟ್ಟರೆ ಸಾಕಿತ್ತು. ಆದರೆ ಹಾಗೆಂದರೆ ಯಾರೋ ಮಗುವಿಗೆ ಕಣ್ಣು ಹಾಕಿದರೆಂದು ಮನೆಯವರು ನಿವಾಳಿಸುತ್ತ ಕೂರುತ್ತಾರೆ. ಪರಮಶಿವಯ್ಯ ಚೀಲದಿಂದ ಕರಟ ತೆಗೆದುಕೊಟ್ಟ. ಕಾಡಸಿದ್ದಪ್ಪ ಅದನ್ನು ಕಣ್ಣಿಗೆ ಹಿಡಿದು ಒಂದು ಸುತ್ತು ತಿರುಗಿಸಿದ. ಅವನ ಮುಖ ಬದಲಾಯಿತು.

"ಥೂ! ತೆಂಗಿನ ಸೀಮೇಲಿ ಹುಟ್ಟಿ, ಯಾವ ಹೋಳು ಅಂತ ನೋಡ್ಬಾರ್ದೇನ್ರೀ?"

ಕೊಬ್ಬರಿ ಸುಲಿಯುತ್ತಿದ್ದವರೆಲ್ಲ ನಕ್ಕರು. "ಸರ್ಕಾರದ್ ಕರಟ ಕಣ್ಲಾ, ತೂತೇ ಇರ್ತದೆ," ಎಂದ ಒಬ್ಬ. ಪರಮಶಿವಯ್ಯ ಕರಟವನ್ನು ಚೀಲಕ್ಕೆ ಹಾಕಿಕೊಂಡ.

"ತಪ್ಪು ನಂದೇ ಕಣ್ರೀ. ಎಷ್ಟಾದ್ರೂ ಬಯ್ಯಿರಿ. ಆದ್ರೆ ಗುರುವಾರ ಮಗೀನ್ ತುಮಕೂರಿಗೆ ಕರ್ಕೊಂಡ್ ಬನ್ನಿ."

"ಹೆಣ್ ಮಗ. ಕನ್ನಡಕ ಹಾಕುದ್ರೆ ನಾಳೆ..."

"ಈಗ ಹಾಕ್ದಿದ್ರೆ ನಾಳೆ ಆ ಕಣ್ಣು ಇದ್ದೂ ಇಲ್ದಂಗೆ."

ಕಾಡಸಿದ್ದಪ್ಪ ಏಣಿಯಿಂದ ಇಳಿದ. "ಈ ಸಲನಾದ್ರೂ ಸರ್ಯಾಗ್ ನೋಡಿದ್ದೀರಾ?"

"ಮೂರ್ ಸಲ ನೋಡ್ದೆ."

"ಫಸ್ಟ್ ಬಸ್ಸಿಗೆ ಬತ್ತೀವಿ ಬುಡಿ," ಎಂದ, ಮುಖ ನೋಡದೆ.

ತುಮಕೂರಿನ ಕಣ್ಣಿನ ಡಾಕ್ಟರು ಕನ್ನಡಕ ಕೊಟ್ಟು, ದಿನಕ್ಕೆ ಐದು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಬೇಕೆಂದರು. ಗಿರಿಜಾಂಬಿಕಾ ಮೊದಲ ವಾರದಲ್ಲೇ ಮೂರು ಪಟ್ಟಿಗಳನ್ನು ತೋಟದ ಬಾವಿಗೆ ಎಸೆದಳು. ಇತ್ತ ಪರಮಶಿವಯ್ಯ ಹತ್ತನೇ ತಾರೀಕಿನೊಳಗೆ ಇನ್ನೂರ ತೊಂಬತ್ತಾರು ಮಕ್ಕಳನ್ನು ಮತ್ತೆ ನೋಡಿದ; ಉಳಿದ ಹದಿನೈದನ್ನು ರಜದಲ್ಲಿ ಮನೆಮನೆಗೆ, ಅಜ್ಜಿ ಊರುಗಳಿಗೆ ಹೋಗಿ ಹಿಡಿದ. ಹೊಸದಾಗಿ ಹದಿನೇಳರಲ್ಲಿ ದೋಷ ಸಿಕ್ಕಿತು. ಅವನಿಗೆ ಸಮಾಧಾನವಾಗಲಿಲ್ಲ, ಹದಿನೇಳೂ ಮಕ್ಕಳ ಕಣ್ಣನ್ನು ತಿಂಗಳಿಗೊಮ್ಮೆ ನೋಡತೊಡಗಿದ.

ದಸರೆಯ ಹೊತ್ತಿಗೆ ಕಾಡಸಿದ್ದಪ್ಪನ ಅಂಗಳದಲ್ಲಿ ಪಟ ತೂಗುಹಾಕಿದ. ಗಿರಿಜಾಂಬಿಕಾ ಎಡಗಣ್ಣಿನಲ್ಲಿ ನಾಲ್ಕು ಸಾಲು ದಾಟಿದಳು.

"ಪೂರ್ತಿ ಬತ್ತದೇನ್ರೀ?" ಎಂದ ಕಾಡಸಿದ್ದಪ್ಪ, ಮೆಲ್ಲಗೆ.

"ಗೊತ್ತಿಲ್ಲ. ಪಟ್ಟಿ ಬಿಡ್ಬೇಡಿ."

ಐದನೇ ಸಾಲಿಗೆ ಕೋಲು ಇಳಿಯಿತು. ಹುಡುಗಿ ತುಂಬ ಹೊತ್ತು ನೋಡಿ ಮೂರು ಬೆರಳು ಮೇಲಕ್ಕೆತ್ತಿದಳು, ತಡೆದಳು, ಪಕ್ಕಕ್ಕೆ ತಿರುಗಿಸಿದಳು. ಉತ್ತರ ತಪ್ಪಾಗಿತ್ತು. ಆದರೆ ಕಳೆದ ತಿಂಗಳು ಅದೇ ಸಾಲಿಗೆ, ಅಲ್ಲಿ ಏನೂ ಬರೆದೇ ಇಲ್ಲ ಎಂದು ಅವಳು ಜಗಳವಾಡಿದ್ದಳು.