ತಿರುವಿನಾಚೆಗೆ ಹೋದ ಬಸ್‌ಸ್ಟಾಪ್

ನಮ್ಮ ಸಿಂಗಾಪುರ ಬಡಾವಣೆಯ ಬಸ್‌ಸ್ಟಾಪನ್ನು ತಿರುವಿನಾಚೆ, ಚರಂಡಿಯ ಪಕ್ಕಕ್ಕೆ ತಳ್ಳಿದ್ದು ಎಂಜಿನಿಯರ್ ಅಲ್ಲ — ನಾನು. ಆಗ ನಾನು ವಾರ್ಡಿನ ಕಾರ್ಪೊರೇಟರ್. ಅದಕ್ಕೂ ಮೊದಲು, ಈಗಲೂ, ಹಾರ್ಡ್‌ವೇರ್ ಅಂಗಡಿಯವನು. ತಂಗುದಾಣ ಸರಿಯಾಗಿ ನನ್ನ ಅಂಗಡಿಯೆದುರಿಗೇ ಬರುವುದಿತ್ತು. ಹೊಸ ಬೋರ್ಡು ಮುಚ್ಚಿಹೋಗುತ್ತದೆ, ಸಿಮೆಂಟ್ ಗಾಡಿ ನಿಲ್ಲಿಸಲು ಜಾಗ ಇರುವುದಿಲ್ಲ — ಇಷ್ಟೇ. ಇಷ್ಟಕ್ಕೇ! ಇನ್ನೇನಾದರೂ ದೊಡ್ಡ ಕಾರಣವಿದ್ದಿದ್ದರೆ ಹೇಳಿಕೊಳ್ಳುವುದಕ್ಕಾದರೂ...

ಎಂಜಿನಿಯರ್ ಬಸವರಾಜ, ಗದಗದ ಕಡೆಯವನು, ಆಗಿನ್ನೂ ಕೆಲಸಕ್ಕೆ ಹೊಸಬ. ಬೇಡವೆಂದ. “ತಿರುವಿನ್ಯಾಗ ಬಸ್ ಕಾಣಂಗಿಲ್ರಿ ಸರ. ಮಂದಿ ರಸ್ತಾಕ್ಕ ಇಳೀತಾರ.”

“ಹೇಳಿದ್ದ್ ಮಾಡ್ರೀ” ಎಂದೆ. ಮಾಡಿದ.

ಅವನು ಹೇಳಿದಂತೆಯೇ ಆಯಿತು. ನಮ್ಮ ಬೀದಿಯ ಹೊಲಿಗೆ ಟೀಚರ್ ಲಲಿತಮ್ಮ ಬಸ್ ಬಂತೇ ಎಂದು ರಸ್ತೆಗಿಳಿದು ನೋಡುವಾಗ ಬೈಕು ಗುದ್ದಿ ಸೊಂಟದ ಮೂಳೆ ಮುರಿಯಿತು. ಎದ್ದು ಓಡಾಡುವಂತಾದ ಮೇಲೆ, ಕೋಲೂರಿಕೊಂಡು ವಾರ್ಡಿನ ಸಭೆಗೆ ಬಂದು, ಎಲ್ಲರೆದುರು ಬಸವರಾಜನನ್ನು ಕೇಳಿದರು: “ನಿಮ್ಮಮ್ಮನ್ನ ಅಲ್ ನಿಲ್ಲಿಸ್ತಿದ್ಯೇನಪ್ಪಾ?”

ಅವನು ನನ್ನ ಕಡೆ ತಿರುಗಿದ. “ಸರ, ನೀವ ಹೇಳ್ರಿ.”

ನಾನು ಹೇಳಿದೆ: “ಎಂಜಿನಿಯರ್ರೇ, ಜನ ಕೇಳ್ತಿದಾರೆ. ಉತ್ತರ ಕೊಡಿ.”

ಅವನು ತಲೆ ತಗ್ಗಿಸಿದ. ಸ್ವಲ್ಪ ದಿನಕ್ಕೆ ವರ್ಗವಾಗಿ ಹೋದ. ಜನ ನನಗೆ ಹಾರ ಹಾಕಿದರು — ಅಧಿಕಾರಿಯ ಬೆವರಿಳಿಸಿದ ಕಾರ್ಪೊರೇಟರ್ ಎಂದು! ನಾನೂ ಹಾಕಿಸಿಕೊಂಡೆ.

ಈಗ ಅಧಿಕಾರವಿಲ್ಲ, ಕಾಟ ಮಾತ್ರ ತಪ್ಪಿಲ್ಲ. ಮೊಳೆಗೆ ಬಂದವರು, ನಲ್ಲಿಗೆ ಬಂದವರು, ಎಲ್ಲರದೂ ಒಂದೇ ರಾಗ — “ಏನ್ ಕಾರ್ಪೊರೇಟ್ರೇ, ಯಾವ ತಲೆಕೆಟ್ಟೋನು ಆ ಸ್ಟಾಪ್ ಅಲ್ಲಿಟ್ಟಿದ್ದು?” ನಾನೂ ಅವರೊಡನೆ ಸೇರಿ ಬೈಯುತ್ತೇನೆ. ಎಷ್ಟು ವರ್ಷ ಅಂತ ಬೈಯಲಿ? ಅವರ ಮೇಲೆ ರೇಗುತ್ತದೆ, ಆ ಸ್ಟಾಪಿನ ಮೇಲೆ ರೇಗುತ್ತದೆ — ಸುಳ್ಳು. ರೇಗುವುದೆಲ್ಲ ನನ್ನ ಮೇಲೆಯೇ.

ಮೊನ್ನೆ ಲಲಿತಮ್ಮ ಬಲ್ಬಿಗೆಂದು ಬಂದವರು, “ನೀವಿದ್ದಾಗ್ಲೇ ಚೆನ್ನಾಗಿತ್ತು ಕಣ್ರೀ. ನಮ್ ಪರವಾಗಿ ಕೇಳೋರು ಒಬ್ರಿದ್ರು” ಎಂದರು. ತಡೆಯಲಾಗಲಿಲ್ಲ.

“ಆ ಸ್ಟಾಪ್ ಅಲ್ಲಿಗ್ ಹಾಕ್ಸಿದ್ದೇ ನಾನಮ್ಮಾ!” — ಕೂಗಿಯೇಬಿಟ್ಟೆ, ತಪ್ಪು ಅವರದೇ ಎಂಬಂತೆ.

ಅವರು ಸೊಂಟದ ಮಾತೆತ್ತಲಿಲ್ಲ. “ಹಾಗಾದ್ರೆ ಆ ಹುಡುಗನ್ನ ಸುಮ್ಸುಮ್ನೆ ಬೈದ್ನಲ್ರೀ... ಅವ್ರಮ್ಮನ್ನ ಬೇರೆ ಎಳೆದ್ ತಂದೆ” ಎಂದರು. ಬಲ್ಬು ತೆಗೆದುಕೊಳ್ಳದೆ ಹೋದರು.

ಬಸವರಾಜನ ನಂಬರ್ ಹುಡುಕಿ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿ, ಭಾನುವಾರ ಬಡಾವಣೆಯವರ ಸಭೆಯಿದೆ, ಬನ್ನಿ, ನಿಮ್ಮೆದುರೇ ಜನಕ್ಕೆ ಹೇಳುತ್ತೇನೆ ಎಂದೆ.

“ಬ್ಯಾಡ್ರಿ ಸರ,” ಎಂದ. “ಆ ಮಂದಿ ಮುಂದ ಮತ್ತ ನಿಲ್ಲೂದು ನನ್ನಿಂದ ಆಗಂಗಿಲ್ಲ.”

ಅವನಿಲ್ಲದೆಯೇ ಹೇಳುತ್ತೇನೆ. ಭಾನುವಾರ, ಎಲ್ಲರೆದುರು.