ಭೀಮಕ್ಕನ ಸೀಟು

ಹಳೆ ಕಾರು ಕೊಂಡು ಮಾರುವವರಲ್ಲಿ ಗುರುಪುತ್ರಪ್ಪನ ರೀತಿಯೇ ಬೇರೆ. ಖಾನಾಪುರ ರಸ್ತೆಯಲ್ಲಿದ್ದ ತನ್ನ ಅಂಗಡಿಗೆ ಗಿರಾಕಿ ಬಂದರೆ ಮೊದಲು ಕಾರಿನ ಊನಗಳನ್ನು ತೋರಿಸುತ್ತಿದ್ದ. ಬಾಗಿಲಿಗೆ ಬಣ್ಣ ಹೊಡೆಸಿದ್ದು, ಹಿಂದಿನಿಂದ ಯಾರೋ ಗುದ್ದಿದ್ದು, ಒಂದನ್ನೂ ಮುಚ್ಚಿಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷವಾದರೂ ಅವನ ವ್ಯಾಪಾರ ದೊಡ್ಡದಾಗಲಿಲ್ಲ, ನಿಲ್ಲಲೂ ಇಲ್ಲ. ಕೊಂಡ ಕಾರನ್ನು ಮಾರುವ ಮೊದಲು ಒಂದು ರವಿವಾರ ಹೆಂಡತಿ ಗಂಗಾದೇವಿ, ಮಗಳು ಸಮೃದ್ಧಿಯನ್ನು ಕೂರಿಸಿಕೊಂಡು ಖಾನಾಪುರದವರೆಗೆ ಹೋಗಿ ಬರುವುದು ಅವನ ನೇಮ. ಶಿವಬಸವ ನಗರದ ಆ ಮನೆಯವರಿಗೆ ಅದೇ ತಿರುಗಾಟ. ಸಮೃದ್ಧಿ ನಡೆಯಲು ಕಲಿತಾಗಿನಿಂದ ಎಷ್ಟು ಕಾರುಗಳಲ್ಲಿ ಹೋಗಿ ಮಲಪ್ರಭೆಯನ್ನು ನೋಡಿ ಬಂದಿದ್ದಳೋ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಖಾನಾಪುರದ ಲಕ್ಷ್ಮಣನಿಂದ ಒಂದು ಬೂದು ಬಣ್ಣದ ಕಾರು ಕೊಂಡ. ಲಕ್ಷ್ಮಣ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ರವಿವಾರ ಊಟ ಮಾಡಿ ಹೊರಟರು. ತಾಯಿ, ಮಗಳು ಹಿಂದೆ ಕುಳಿತಿದ್ದರು. ಉದ್ಯಮಬಾಗ ದಾಟುತ್ತಿದ್ದಂತೆ ಟಿಣ್ ಟಿಣ್ ಎಂದು ಸದ್ದು ಶುರುವಾಯಿತು. ಪಕ್ಕದ ಸೀಟಿನಲ್ಲಿ ಕುಳಿತವರು ಬೆಲ್ಟ್ ಹಾಕಿಕೊಳ್ಳದಿದ್ದರೆ ಕಾರು ಎಚ್ಚರಿಸುವ ಸದ್ದು ಅದು. ಪಕ್ಕದ ಸೀಟು ಖಾಲಿ ಇತ್ತು.

"ಏನರ ಸಾಮಾನ ಇಟ್ಟೀರೇನ್ರಿ?" ಎಂದಳು ಗಂಗಾದೇವಿ.

"ಏನಿಲ್ಲ."

ಸಮೃದ್ಧಿ ಮುಂದಕ್ಕೆ ಬಾಗಿ ಸೀಟಿನ ಮೇಲೆ ಕೈಯಿಟ್ಟಳು. ತಟ್ಟನೆ ತೆಗೆದಳು. "ಪಪ್ಪಾ, ಬೆಚ್ಚಗ ಐತಿ."

ಬಿಸಿಲು ಬೀಳುತ್ತಿದ್ದದ್ದು ಬಲಗಡೆ. ಗುರುಪುತ್ರಪ್ಪ ಕಾರು ನಿಲ್ಲಿಸಿದ. ಖಾಲಿ ಸೀಟಿನ ಮೇಲೆ ಬೆಲ್ಟ್ ಎಳೆದು ಬಿಗಿದ. ಸದ್ದು ನಿಂತಿತು.

ಮರುದಿನ ಮೆಕ್ಯಾನಿಕ್ ಸಾತಪ್ಪ ಸೀಟು ಬಿಚ್ಚಿ ವೈರೆಲ್ಲ ನೋಡಿದ. "ಏನೂ ಕೆಟ್ಟಿಲ್ರಿ. ನಾ ಕುಂತ್ರ ಹೊಡಿತೈತಿ, ಎದ್ರ ನಿಂದರತೈತಿ" ಎಂದ. ಅಂಗಡಿಯ ಬಯಲಿನಲ್ಲಿ ಕಾರು ಸುಮ್ಮನಿತ್ತು. ಮುಂದಿನ ಎರಡು ರವಿವಾರ ಒಬ್ಬನೇ ಹೊರಟಾಗ ಮತ್ತೆ ಅದೇ ಜಾಗದಲ್ಲಿ ಟಿಣ್ ಟಿಣ್. ಗಿರಾಕಿಗೆ ಇದನ್ನು ಹೇಗೆ ಹೇಳುವುದೆಂದು ತಿಳಿಯದೆ ಅವನು ಲಕ್ಷ್ಮಣನ ಮನೆಗೇ ಹೋದ.

ಕೇಳುತ್ತ ಕೇಳುತ್ತ ಲಕ್ಷ್ಮಣನ ಮುಖ ಕಪ್ಪಿಟ್ಟಿತು. "ಎಷ್ಟ ಹೊತ್ತಿಗ್ರಿ?"

"ರವಿವಾರ, ಮೂರರ ಸುಮಾರ."

ಲಕ್ಷ್ಮಣ ಅವನನ್ನು ಒಳಗೆ ಕರೆದೊಯ್ದ. ಮಂಚದ ಮೇಲೆ ತಾಯಿ ಭೀಮಕ್ಕ ಮಲಗಿದ್ದಳು. ಲಕ್ವಾ ಹೊಡೆದು ಮೈಯ ಒಂದು ಭಾಗ ಸತ್ತಿತ್ತು. ಅದಕ್ಕೆ ಮೊದಲು ವಾರವಾರವೂ ಅದೇ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ದೇಸೂರಿನ ತವರಿಗೆ ಹೋಗುತ್ತಿದ್ದವಳು.

"ಒಂದ ವರ್ಷ ಆತ್ರಿ ಸಾವಕಾರ್ರ, ಅವ್ವ ಒಂದ ಮಾತ ಆಡಿದ್ದಿಲ್ಲ. ಈಗ ಮೂರ ರವಿವಾರದಿಂದ ಮಾತಾಡಾಕತ್ತಾಳ. ಮಚ್ಛೆ ಬಂತು ಅಂತಾಳ, ದೇಸೂರ ಬಂತು ಅಂತಾಳ. ಖಾನಾಪುರ ಬಂತಂದ್ರ ಸುಮ್ಮ ಆಗ್ತಾಳ. ಮೊದಲನೇ ಸಲ, ಎದಿಗೆ ಪಟ್ಟಾ ಬಿಗದಾರ, ಸಡ್ಲ ಮಾಡ್ರಿ, ಅಂದ್ಲು."

ಭೀಮಕ್ಕ ಕತ್ತು ಹೊರಳಿಸಿದಳು. ಗುರುಪುತ್ರಪ್ಪನನ್ನು ಅವಳು ಎಂದೂ ಕಂಡವಳಲ್ಲ. ಬಹಳ ಹೊತ್ತು ನೋಡಿ ಅರ್ಧ ಬಾಯಿಂದಲೇ ಅಂದಳು: "ಇಂವಾ. ಹಾರ್ನ್ ಭಾಳ ಹೊಡಿತಾನ."

ಕಾರು ತಿರುಗಿ ಕೊಡುತ್ತೇನೆ ಎಂದ ಗುರುಪುತ್ರಪ್ಪ. ಲಕ್ಷ್ಮಣ ಕೈ ಮುಗಿದ. "ನಂಗ ಧೈರ್ಯ ಇಲ್ರಿ."

ಹಾಗಾಗಿ ಆ ಕಾರು ಅಂಗಡಿಯಲ್ಲೇ ಉಳಿಯಿತು. ರವಿವಾರ ಮೂರಕ್ಕೆ ಅವನೊಬ್ಬನೇ ಹೊರಡುತ್ತಿದ್ದ. ಟಿಣ್ ಎಂದೊಡನೆ ಬೆಲ್ಟನ್ನು ಸಡಿಲವಾಗಿ ಹಾಕುತ್ತಿದ್ದ. ಹಾರ್ನಿನ ಮೇಲೆ ಕೈ ಹೋದರೂ ತಡೆದುಕೊಳ್ಳುತ್ತಿದ್ದ. ಸಂಜೆ ಲಕ್ಷ್ಮಣನ ಫೋನು ಬರುತ್ತಿತ್ತು. "ಇವತ್ತ ದೇಸೂರ ಸ್ಟೇಶನ್ ಬಾಜು ನಿಲ್ಸಿದ್ರಂತಲ್ರಿ, ಅವ್ವ ಅಂದ್ಲು." ಅವನು ನಿಲ್ಲಿಸಿದ್ದು ನಿಜ. ಆ ಕಾರನ್ನು ಸುಟ್ಟುಬಿಡಿ ಎಂದು ಮೊದಲು ಜಗಳವಾಡಿದ್ದ ಗಂಗಾದೇವಿ ಪುಷ್ಯದ ಚಳಿಯಲ್ಲಿ ಒಂದು ಶಾಲು ತಂದು ಸೀಟಿನ ಮೇಲೆ ಹೊದಿಸಿದಳು. "ಮುದುಕಿ ಅದಾಳ" ಎಂದಷ್ಟೇ ಹೇಳಿ ಒಳಗೆ ಹೋದಳು.

ಎಂಟು ತಿಂಗಳು ಹೀಗೇ ನಡೆಯಿತು. ಆಷಾಢದ ಒಂದು ಬುಧವಾರ ಭೀಮಕ್ಕ ತೀರಿಕೊಂಡಳು. ಗುರುಪುತ್ರಪ್ಪ ಮಣ್ಣಿಗೆ ಹೋಗಿ ಬಂದ.

ರವಿವಾರ ಕಾಲು ತಾನೇ ಆ ಕಾರಿನತ್ತ ನಡೆಯಿತು. ಉದ್ಯಮಬಾಗ ದಾಟಿತು. ಮಚ್ಛೆ ದಾಟಿತು. ಸದ್ದಿಲ್ಲ. ದೇಸೂರಿನ ಹತ್ತಿರ ಅವನು ಸೀಟಿನ ಮೇಲೆ ಕೈಯಿಟ್ಟ. ತಣ್ಣಗಿತ್ತು. ಎಂಟು ತಿಂಗಳು ಕಾಣದ ಭಯ ಆಗ ಬಂತು. ಇಷ್ಟು ದಿನ ತಾನು ಯಾರ ಪಕ್ಕದಲ್ಲಿ ಕುಳಿತು ಬರುತ್ತಿದ್ದೆ ಎಂಬುದು ಅವಳಿಲ್ಲದಾಗಲೇ ಅವನಿಗೆ ಪೂರ್ತಿ ಹೊಳೆಯಿತು. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಮಳೆಯಲ್ಲಿ ತೊಯ್ಯುತ್ತ ನಿಂತು, ಬಸ್ಸು ಹಿಡಿದು ಮನೆಗೆ ಬಂದ.

ಆ ಕಾರನ್ನು ಶಹಾಪುರದ ಸಂಜಯ ಎಂಬ ಮಗ್ಗದ ಮಾಲೀಕ ಕೊಂಡ. ಗುರುಪುತ್ರಪ್ಪ ಎಲ್ಲವನ್ನೂ ಹೇಳಿಯೇ ಮಾರಿದ. ಈಗ ಕೊಂಡ ಕಾರನ್ನು ಓಡಿಸಿ ನೋಡಲು ಅವನು ಖಾನಾಪುರ ರಸ್ತೆ ಬಿಟ್ಟು ಬಾಚಿ ರಸ್ತೆ ಹಿಡಿಯುತ್ತಾನೆ. ಗಂಗಾದೇವಿ ಮುಂದಿನ ಸೀಟಿಗೆ ಬಂದಿದ್ದಾಳೆ. ಅವಳು ಸ್ವಲ್ಪ ಸುಮ್ಮನಾದರೂ ಅವನಿಗೆ ತಡೆಯದು.

"ಏನರ ಮಾತಾಡ" ಎನ್ನುತ್ತಾನೆ.