ಅಪ್ಪ ತಂದ ಐದು ಬೆಳ್ಳಿ ನಾಣ್ಯ

ನನ್ನ ಮಗಳ ನಾಮಕರಣಕ್ಕೆ ಅಪ್ಪ ಐದು ಬೆಳ್ಳಿ ನಾಣ್ಯ ತಂದಿದ್ದರು. ಚಿಂತಾಮಣಿಯ ಅಂಗಡಿಯಲ್ಲಿ ಕೊಂಡದ್ದು. ಕೆಂಪು ಡಬ್ಬಿಯೊಳಗೆ ಹತ್ತಿಯ ಮೇಲೆ ಸಾಲಾಗಿ ಕೂರಿಸಿದ್ದರು. ಪೋಸ್ಟಾಫೀಸಿನಲ್ಲಿ ದುಡಿದು ನಿವೃತ್ತರಾದವರು ಅವರು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಅತ್ತೆಗೆ ಕೊಟ್ಟರು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಬೇಕಲ್ಲ ಎಂದು, ಊಟ ಮುಗಿಸಿದವರೇ ಅಮ್ಮನನ್ನು ಕರೆದುಕೊಂಡು ಹೊರಟರು.

ಗಂಡನ ಮನೆ ಗೌರಿಬಿದನೂರಿನಲ್ಲಿ. ತಲೆಮಾರುಗಳಿಂದ ಜಮೀನಿರುವ ಮನೆತನ. ನಾವು ಬೌದ್ಧರು, ತಾತನ ಕಾಲದಲ್ಲಿ ಊರಾಚೆಯ ಕೇರಿಯಲ್ಲಿದ್ದವರು. ಕುಡುಮಲಕುಂಟೆಯ ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ನಾವಿಬ್ಬರೂ ಮೆಚ್ಚಿ ಮದುವೆಯಾಗಿದ್ದೆವು. ಮದುವೆಗೂ ಬಾರದ ಅತ್ತೆ ಮಾವ, ನಾನು ಬಸುರಿ ಎಂದು ತಿಳಿದ ಮೇಲೆ ಮನೆಗೆ ಕರೆಸಿಕೊಂಡಿದ್ದರು. ಎಲ್ಲ ಸರಿಹೋಯಿತು ಎಂದೇ ನಂಬಿದ್ದೆ.

ನೆಂಟರೆಲ್ಲ ಹೋದ ಮೇಲೆ ಮಗುವನ್ನು ಮಲಗಿಸಿ ನಡುಮನೆಗೆ ಬಂದೆ. ಕೆಂಪು ಡಬ್ಬಿ ತೆರೆದಿತ್ತು. ಮೈದುನ ಫೋನಿನಲ್ಲಿ ಯಾವುದೋ ವಿಡಿಯೊ ನೋಡಿಕೊಂಡು, ಹಾಳಾದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ನಾಣ್ಯಗಳಿಗೆ ತಾಗಿಸುತ್ತಿದ್ದ.

"ಅಂಟ್ಕೊಳ್ತಿಲ್ಲಮ್ಮ."

"ಜರ್ಮನ್ ಸಿಲ್ವರ್ ಆದ್ರೂ ಅಂಟಲ್ಲ ಕಣೋ," ಎಂದರು ಅತ್ತೆ. "ಏಮೋಪ್ಪ, ಎಲ್ಲಿಂದ ತಂದ್ರೋ ಏನೋ. ಇನ್ನೇನು ಮಾಡ್ಬೇಕಂತೆ ನೋಡು."

ಒಂದು ನಾಣ್ಯವನ್ನು ನೆಲಕ್ಕೆ ಬೀಳಿಸಿ ಸದ್ದು ಕೇಳಿದರು. ಮಾವ ಇನ್ನೊಂದನ್ನು ತಮ್ಮ ಬಿಳಿ ಟವೆಲ್ಲಿಗೆ ಉಜ್ಜಿ, ಕಪ್ಪಗೆ ಗೆರೆ ಬಿತ್ತೇ ಎಂದು ಕಿಟಕಿಯ ಬೆಳಕಿಗೆ ಹಿಡಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಎಲ್ಲರಿಗೂ ಕಂಡಿದ್ದೆ. ಯಾರೂ ನಿಲ್ಲಿಸಲಿಲ್ಲ.

"ಐಸ್ ಇಟ್ರೆ ಗೊತ್ತಾಗುತ್ತಂತೆ. ಬೆಳ್ಳಿ ಮೇಲೆ ಬೇಗ ಕರಗುತ್ತಂತೆ," ಎಂದ ಮೈದುನ.

ಆಗ ಎದ್ದು ಹೋಗಿ ಫ್ರಿಜ್ಜಿನಿಂದ ಐಸ್ ತಂದವನು ನನ್ನ ಗಂಡ. ಟ್ರೇ ತಿರುಚಿ ಎರಡು ತುಂಡು ಬಿಡಿಸಿ, ಒಂದನ್ನು ನಾಣ್ಯದ ಮೇಲೆ, ಒಂದನ್ನು ಸ್ಟೀಲ್ ತಟ್ಟೆಯ ಮೇಲೆ ಅವನೇ ಇಟ್ಟ. ನಾಲ್ವರೂ ತಲೆ ಬಗ್ಗಿಸಿ ನೋಡುತ್ತಾ ಕುಳಿತರು. ನಾಣ್ಯದ ಮೇಲಿನ ತುಂಡು ಕಣ್ಣೆದುರೇ ಕುಗ್ಗಿ ನೀರಾಯಿತು.

"ಅಸಲಿ ಕಣಮ್ಮ," ಎಂದ ಮೈದುನ.

"ಪರವಾಗಿಲ್ವೇ," ಎಂದರು ಅತ್ತೆ.

ಪಕ್ಕದ ಮೇಜಿನ ಮೇಲೆ ಅತ್ತೆಯ ಅಕ್ಕ ಕೊಟ್ಟ ಬೆಳ್ಳಿ ಬಟ್ಟಲು, ಅಣ್ಣನ ಮನೆಯವರು ಕೊಟ್ಟ ಕಾಲುಗೆಜ್ಜೆ ಇದ್ದವು. ಅವನ್ನು ಯಾರೂ ಮುಟ್ಟಿರಲಿಲ್ಲ.

"ಅದ್ಕೂ ಒಂದ್ಸಾರಿ ಐಸ್ ಇಡಿ ಅತ್ತೆ," ಎಂದೆ.

ಅತ್ತೆ ನಿಜಕ್ಕೂ ಆಶ್ಚರ್ಯದಿಂದ ನನ್ನ ಮುಖ ನೋಡಿದರು. "ಅದ್ಯಾಕಮ್ಮ? ಅವರು ನಮ್ಮೋರಲ್ವಾ?"

ಮಾತಿನಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ನನ್ನ ಹಿಂದೆಯೇ ಕೋಣೆಗೆ ಬಂದ ಗಂಡ, "ಸುಮ್ನೆ ತಮಾಷೆಗೆ ಕಣೇ. ಕೊನೆಗೆ ಅಸಲಿ ಅಂತಾನೇ ಆಯ್ತಲ್ಲ," ಎಂದ. ಅವನ ಬೆರಳಿನ್ನೂ ಒದ್ದೆಯಾಗಿತ್ತು. ನಾನು ಮಗುವಿನ ಕಡೆ ತಿರುಗಿ ಮಲಗಿದೆ.

ಮುಂದಿನ ತಿಂಗಳು ಮಗುವನ್ನು ಕರೆದುಕೊಂಡು ಚಿಂತಾಮಣಿಗೆ ಹೋದೆ. ಅಪ್ಪನಿಗೆ ಹೇಳಬಾರದು ಎಂದುಕೊಂಡಿದ್ದೆ. ಅವರೇ ಕಾಫಿ ಕುಡಿಯುತ್ತಾ ಕೇಳಿದರು.

"ನಾಣ್ಯ ನೋಡಿದ್ರೇನಮ್ಮ?"

"ನೋಡಿದ್ರು ಅಪ್ಪ. ಚೆನ್ನಾಗಿದೆ ಅಂದ್ರು."

"ಐಸ್ ಇಟ್ರಾ?"

ಅಮ್ಮ ಬಾಗಿಲಿಗೆ ಬಂದು ಹೇಳಿದಳು: "ಇವರು ಇಲ್ಲೇ ಎಲ್ಲಾ ಮಾಡಿ ನೋಡಿದ್ರು ಕಣೇ. ಅಯಸ್ಕಾಂತ ತಂದ್ರು, ಐಸ್ ಇಟ್ರು. ಅದೂ ಸಾಲ್ದು ಅಂತ ಇನ್ನೊಂದು ಅಂಗಡೀಲಿ ಮಿಷಿನ್‌ಗೆ ಇಟ್ಟು ನೋಡಿಸ್ಕೊಂಡು ಬಂದ್ರು."

"ಅವರು ನೋಡೇ ನೋಡ್ತಾರೆ ಅಂತ ಗೊತ್ತಿತ್ತಮ್ಮ," ಎಂದರು ಅಪ್ಪ. "ಅಂಗಡಿಯೋನು ಮೋಸ ಮಾಡಿದ್ರೂ ಮಾತು ಬರೋದು ನಿನಗೇ ಅಲ್ವಾ."

ಅತ್ತೆಯ ಮನೆಯಲ್ಲಿ ಬಾರದ ಅಳು ಅಲ್ಲಿ ಬಂತು. ಜೊತೆಗೆ ಅಪ್ಪನ ಮೇಲೇ ಸಿಟ್ಟೂ ಬಂತು. ಅವಮಾನ ಹೊಸ್ತಿಲಿಗೆ ಬರುವ ಮೊದಲೇ ಅದಕ್ಕೆ ಮಣೆ ಹಾಕಿಟ್ಟಿದ್ದರಲ್ಲ! "ಯಾಕಪ್ಪ ಕೊಡೋಕೆ ಹೋದ್ರಿ?" ಎಂದು ಕೂಗಾಡಿದೆ. "ಇನ್ಮೇಲೆ ಆ ಮನೆಗೆ ಏನೂ ತರಬೇಡಿ." ಅವರು ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು.

ವಾಪಸ್ಸು ಬಂದು ಇದನ್ನೆಲ್ಲ ಗಂಡನಿಗೆ ಹೇಳಿದೆ. "ನಿಮ್ಮಪ್ಪ ಜಾಣರು," ಎಂದ. ಅದನ್ನು ಹೊಗಳಿಕೆಯಾಗಿಯೇ ಹೇಳಿದ. ಅಂದಿನಿಂದ ಅವನಿಗೆ ಕೆಲವು ವಿಷಯ ಹೇಳುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಸಂಸಾರವೇನೋ ನಡೆದಿದೆ.

ಮಗಳ ಮೊದಲ ಹುಟ್ಟುಹಬ್ಬಕ್ಕೆ ಅಪ್ಪ ನನ್ನ ಮಾತು ಮೀರಲಿಲ್ಲ, ಬರಿಗೈಲಿ ಬಂದರು. ಮಗುವಿನ ತಲೆ ನೇವರಿಸಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತರು. ಕೇಕು ಹಂಚುತ್ತಿದ್ದ ಅತ್ತೆ ತಮ್ಮ ಅಕ್ಕನ ಕಡೆ ಬಗ್ಗಿ, ನನಗೂ ಕೇಳುವಷ್ಟು ಜೋರಾಗಿ, "ಮೊಮ್ಮಗಳಿಗೆ ಒಂದು ಫ್ರಾಕಾದ್ರೂ ತರಬಾರದಿತ್ತಾ? ಎಷ್ಟಾದ್ರೂ ಅವರ ಬುದ್ಧಿ," ಎಂದರು.

ಅಪ್ಪನಿಗೂ ಕೇಳಿಸಿತ್ತು. ಅವರು ನನ್ನ ಕಡೆ ನೋಡಲಿಲ್ಲ. ತಟ್ಟೆಯಲ್ಲಿದ್ದ ಕೇಕನ್ನು ಒಂದು ಚೂರೂ ಬಿಡದೆ ತಿಂದು ಮುಗಿಸಿದರು.